ಉಪ್ಪಿನಕಾಯಿ ಮೇಜಿನ ಕೋರಂ

ಇನ್ನೂ ಮುಗಿದಿಲ್ಲ, ಆ ಹಿತ್ತಾಳೆ ಬಟ್ಟಲಿನ ಗುಂಯ್‌ಗುಟ್ಟುವಿಕೆ ಇನ್ನೂ ಸಾಯುತ್ತಲೇ ಇದೆ, ಕಿವಿಗೆ ಹೊಕ್ಕ ಸೊಳ್ಳೆ ಹೊರಬರುವ ದಾರಿ ತಿಳಿಯದೆ ಸುತ್ತುವ ಹಾಗೆ, ಅದು ಪೂರ್ತಿ ಸಾಯುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ, ಅಧ್ಯಕ್ಷೆ ಕಾನ್‌ಸ್ಟನ್ಸ್ ಹಾಲ್‌ವರ್ಸನ್ ಕಣ್ಣು ಮುಚ್ಚಿ ಕೂತಿದ್ದಾಳೆ, ಕೈಯಲ್ಲಿ ಬಟ್ಟಲು ಬಡಿಯುವ ಕೋಲು, ನಗರ ಮಾನವ ಹಕ್ಕುಗಳ ಆಯೋಗದ ಪ್ರತಿ ಸಭೆಯೂ ಹೀಗೆ ಬಟ್ಟಲು ಬಡಿದೇ ಶುರು — ಹಸಿದವರ ಎದುರು ಖಾಲಿ ಬಟ್ಟಲು ಬಡಿಯಲು ಎಷ್ಟೊಂದು ಗಾಂಭೀರ್ಯ, ಎಂದುಕೊಂಡು ಅಲೊಂಜೊ ಪೆಟಿಗ್ರೂ ಮೂಗಿನಲ್ಲೇ ನಗಲು ಹೋಗಿ ನಿಲ್ಲಿಸಿದ, ಇವತ್ತು ನಗುವ ದಿನವಲ್ಲ, ಇವತ್ತು ಮೂರನೆಯ ಸಾಲಿನಲ್ಲಿ ಅರ್ಲೀನ್ ಬ್ಯಾಟ್ಸ್ ಕೂತಿದ್ದಾಳೆ, ಶಾಲೆಯ ಅಡುಗೆಮನೆಯಿಂದ ನೇರ ಬಂದವಳು, ಕೂದಲಿಗೆ ಹಾಕಿದ ಬಲೆಯನ್ನೂ ತೆಗೆದಿಲ್ಲ, ಮಡಿಲಲ್ಲಿ ನಾಲ್ಕು ಮಡಿಕೆ ಮಡಿಸಿದ ಚೀಟಿ, ಮಂಗಳವಾರ ಆಯೋಗ ಹಾಕಿದ ಮತಕ್ಕೆ ಥ್ಯಾಂಕ್ಸ್ ಹೇಳಲು ಬಂದಿದ್ದಾಳೆ, ಅವಳಿಗೆ ಗೊತ್ತಿಲ್ಲ, ಬೆಳಿಗ್ಗೆ ನಗರದ ವಕೀಲನಿಂದ ಬಂದ ಕಾಗದ ಆಯೋಗದ ಏಳು ಮಂದಿಗೆ ಮಾತ್ರ ಗೊತ್ತು, ಅವಳು ಇವನತ್ತ ನೋಡಿ ಹುಬ್ಬು ಹಾರಿಸುತ್ತಾಳೆ, ಇವನು ನೀರಿನ ಲೋಟ ನೋಡುತ್ತಾನೆ. ಆಯ್ತು, ಸೊಳ್ಳೆ ಸತ್ತಿತು. ಈಗ ಎಲ್ರೂ ನಮ್ಮ ನಮ್ಮ ದೇಹದೊಳಗೆ ಬಂದು ಕೂತ್ಕೊಳ್ಳೋಣ, ಎನ್ನುತ್ತಾಳೆ ಕಾನ್‌ಸ್ಟನ್ಸ್ — ಇಷ್ಟು ಹೊತ್ತು ಯಾರ ದೇಹದಲ್ಲಿ ಬಾಡಿಗೆಗಿದ್ದೆವು ತಾಯಿ — ಆ ದನಿಯೋ, ಜೇನಿನಲ್ಲಿ ಅದ್ದಿದ ಹತ್ತಿ, ಪ್ರತಿ ವಾಕ್ಯದ ಕೊನೆಗೂ ಒಂದು ಮೆತ್ತನೆಯ ಇಳಿಜಾರು, ಇವನ ಗಂಟಲು ತನ್ನಷ್ಟಕ್ಕೇ ಅದನ್ನು ಹಿಡಿಯಲು ಹೊಂಚುತ್ತದೆ, ನಾಲಿಗೆಯ ಬುಡ ಎಲ್ಲಿರಬೇಕು, ಗಲ್ಲ ಎಷ್ಟು ಓರೆಯಾಗಬೇಕು ಎಲ್ಲ ಗೊತ್ತು, ಮೂವತ್ತೊಂದು ವರ್ಷ ಒಂಬತ್ತನೇ ನಂಬರಿನ ಸಿಟಿ ಬಸ್ಸು ಓಡಿಸಿದವನಿಗೆ ಊರಿನ ಗಂಟಲೆಲ್ಲ ಪರಿಚಯ, ಮುಂದಿನ ಸ್ಟಾಪು ಕೋರ್ಟು ಎಂದು ಜಡ್ಜಿನ ಕೆಮ್ಮಿನಲ್ಲಿ, ಮುಂದಿನ ಸ್ಟಾಪು ಚರ್ಚು ಎಂದು ಪಾದ್ರಿಯ ಮೂಗಿನಲ್ಲಿ ಕೂಗಿದರೆ ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಗುತ್ತಿತ್ತು, ಇಳಿಯಬೇಕಾದವರು ಇಳಿಯುವುದನ್ನೇ ಮರೆಯುತ್ತಿದ್ದರು, ನಿವೃತ್ತಿಯ ದಿನ ಮೇಯರ್ ಬಂದು ಹೆಗಲು ತಟ್ಟಿ, ನೀವು ಜನರ ದನಿ ಕಣ್ರೀ ಪೆಟಿಗ್ರೂ, ಆಯೋಗಕ್ಕೆ ನಿಮ್ಮಂಥೋರು ಬೇಕು, ಅಂದ, ಮನೆಗೆ ಬಂದ ಮೇಲೆ ಹೆಂಡತಿ ವರ್ನೆಟ್ಟಾ ಅಂದಳು, ಜನರ ದನಿಯಂತೆ, ಜನರ ದನಿ ಕದ್ದು ಬದುಕಿದೋನು ನೀನು, ಮೂವತ್ತು ವರ್ಷ ಬಸ್ಸಿಗೆ ಹಾಕಿ ಹಾಕಿ ಇದ್ದ ಬ್ರೇಕೆಲ್ಲ ಸವೆಸಿಬಿಟ್ಟೆ, ಬಾಯಿಗೆ ಅಂತ ಒಂದೂ ಉಳಿಸ್ಕೊಳ್ಳಲಿಲ್ಲ. ಆಯೋಗ! ಸೇರಿದ ಮೊದಲ ತಿಂಗಳಲ್ಲೇ ಇವನಿಗೆ ತಿಳಿದುಹೋಗಿತ್ತು, ಊಟಕ್ಕಿಲ್ಲದ ಉಪ್ಪಿನಕಾಯಿ ಇದು, ಯೋಗಕ್ಷೇಮ ವಿಚಾರಿಸುವ ಹಕ್ಕಿದೆ, ವಿಚಾರಣೆ ಮಾಡುವ ಯೋಗ್ಯತೆಯಿಲ್ಲ, ಬಣ್ಣಬಣ್ಣದ ಅಂಟುಚೀಟಿಗಳ ಮೇಲೆ ನಿಮ್ಮ ಭಾವನೆ ಬರೀರಿ ಎನ್ನುವುದು, ಅದನ್ನು ಗೋಡೆಗೆ ಅಂಟಿಸುವುದು, ಗೋಡೆಯ ಫೋಟೋ ತೆಗೆಯುವುದು, ಸಂಜೆ ಕಸ ಗುಡಿಸುವವನು ಅವನ್ನೆಲ್ಲ ಕಿತ್ತು ಚೀಲಕ್ಕೆ ತುಂಬುವುದು, ಊರಿನ ನೋವಿಗೆಲ್ಲ ಒಂದು ಚೀಲ.

ಈಗ ಪೊಲೀಸ್ ಇಲಾಖೆಯ ಅರ್ಧವಾರ್ಷಿಕ ವರದಿ, ಎನ್ನುತ್ತಾಳೆ ಕಾನ್‌ಸ್ಟನ್ಸ್, ಲೆಫ್ಟಿನೆಂಟ್ ಬ್ರಾಂಟ್ ಸ್ಟೀಗರ್ ಎದ್ದ, ಜನಸಂಪರ್ಕದ ಅಧಿಕಾರಿ, ಹಲ್ಲುಗಳ ಅಧಿಕಾರಿ ಎಂದರೂ ತಪ್ಪಿಲ್ಲ, ಮೇಲಿನ ಸಾಲಿನ ಹದಿನಾಲ್ಕೂ ಹೊರಗಿವೆ, ಪಾಲುದಾರರೇ, ಎಂದು ಶುರು ಮಾಡುತ್ತಾನೆ, ಈ ಆರು ತಿಂಗಳಲ್ಲಿ ನಮ್ಮ ಹುಡುಗರು ಒಂದು ಸಾವಿರದ ಇನ್ನೂರ ಹದಿನಾಲ್ಕು ಸಕಾರಾತ್ಮಕ ಸಂಪರ್ಕ ಸಾಧಿಸಿದಾರೆ, ಗೋಡೆಯ ದೊಡ್ಡ ಪರದೆಯ ಮೇಲೆ ಹಸಿರು ಕಂಬಗಳು ಏಳುತ್ತವೆ, ಸಂಪರ್ಕ ಎಂದರೇನು ಗೊತ್ತೆ, ಮಗುವಿನ ಅಂಗಿಗೆ ಕಾಗದದ ಬಿಲ್ಲೆ ಅಂಟಿಸಿದರೆ ಒಂದು, ಮುದುಕಿಗೆ ರಸ್ತೆ ದಾಟಿಸಿದರೆ ಒಂದು, ಮುದುಕಿ ವಾಪಸ್ಸು ಬರಬೇಕೆಂದರೆ ಇನ್ನೊಂದು, ಪಾಪದ ಮುದುಕಿ ಒಬ್ಬಳೇ ಇಲಾಖೆಯ ಅಂಕಿ ಸಂಖ್ಯೆ ಹೊತ್ತು ಓಡಾಡುತ್ತಿರಬೇಕು — ಆದರೆ ಇವನ ಕಣ್ಣು ಮೂರನೆಯ ಕಂಬದ ಮೇಲೆ, ಸಂಚಾರ ತಿಳುವಳಿಕೆ, ನೂರ ಆರು ಸಂಪರ್ಕ, ಆ ನೂರ ಆರರಲ್ಲಿ ಒಂದು ಅರ್ಲೀನಳ ಮಗ ಡೇವಿಯನ್‌ನ ತೋಳು, ಇವನು ಕಾಗದ ನೋಡಿದ್ದಾನೆ, ಸೈಕಲ್ ಸವಾರನಿಗೆ ದೀಪದ ಮಹತ್ವ ತಿಳಿಹೇಳಲಾಯಿತು, ಸವಾರ ಆಯತಪ್ಪಿ ಬಿದ್ದ, ಅಷ್ಟೇ ಬರೆದಿದೆ, ಡಿಸೆಂಬರಿನ ಮುಸ್ಸಂಜೆ, ಸೈಕಲ್ಲಿಗೆ ದೀಪವಿಲ್ಲ, ಇಪ್ಪತ್ತೆರಡು ವರ್ಷದ ಹುಡುಗ, ಹಡಗುಕಟ್ಟೆಯಲ್ಲಿ ಹಗ್ಗ ಎಳೆಯುವ ಕೆಲಸ, ಮೂರು ಜನ ಸೇರಿ ತಿಳಿಹೇಳಿದ ಮೇಲೆ ಆ ಬಲಗೈ ಭುಜದಿಂದ ಕೆಳಗೆ ಬಾಗಿಲಿನ ಮುರಿದ ಹಿಡಿಯ ಹಾಗೆ ಜೋತಿದೆ, ಕೆಲಸ ಹೋಯಿತು, ಪೊಲೀಸರು ಅವನ ಮೇಲೆ ಕೇಸು ಹಾಕಲಿಲ್ಲ, ಅದೇ ಜಾಣತನ, ಕೇಸಿಲ್ಲ ಅಂದ ಮೇಲೆ ಕೋರ್ಟಿಲ್ಲ, ಕೋರ್ಟಿಲ್ಲ ಅಂದ ಮೇಲೆ ಪೊಲೀಸರ ಎದೆಯ ಕ್ಯಾಮೆರಾದಲ್ಲಿ ಏನಿದೆ ಎಂದು ಕೇಳುವವರಿಲ್ಲ, ನೂರ ಎಂಬತ್ತು ದಿನ ಆದರೆ ಯಂತ್ರ ತಾನೇ ಅಳಿಸಿಹಾಕುತ್ತದೆ, ಯಾರೂ ಗುಂಡಿ ಒತ್ತಬೇಕಿಲ್ಲ, ಯಾರ ಕೈಗೂ ಮಸಿಯಿಲ್ಲ, ನೂರ ಎಂಬತ್ತನೆಯ ದಿನ ನಾಳೆ, ಶನಿವಾರ, ಬೆಳಿಗ್ಗೆ ಆರಕ್ಕೆ. ಅದನ್ನು ತಡೆಯಲು ಈ ಊರಿನಲ್ಲಿ ಇರುವುದು ಒಂದೇ ಹಲ್ಲು, ಆಯೋಗದ ಬೊಚ್ಚುಬಾಯಿಯಲ್ಲಿ ಹೇಗೋ ಉಳಿದುಕೊಂಡ ಒಂದೇ ದವಡೆ ಹಲ್ಲು, ಏಳರಲ್ಲಿ ನಾಲ್ಕು ಮಂದಿ ಕೈ ಎತ್ತಿ ಈ ವಿಡಿಯೋ ಕಾಪಾಡಿ ಎಂದರೆ ಇಲಾಖೆ ಕಾಪಾಡಲೇಬೇಕು, ಮಂಗಳವಾರ ನಾಲ್ಕು ಕೈ ಎದ್ದಿದ್ದವು — ಕೈ — ಬೇಡ, ಕೈಯ ವಿಷಯ ಬೇಡ, ಇವನು ಹಸಿರು ಕಂಬ ನೋಡುತ್ತಾನೆ. ಅರ್ಲೀನ್ ಆರು ತಿಂಗಳಿಂದ ಪ್ರತಿ ಸಭೆಗೂ ಬಂದಿದ್ದಾಳೆ, ಸಾರ್ವಜನಿಕರಿಗೆ ಮೂರು ನಿಮಿಷ, ಮೇಜಿನ ಮೇಲೆ ಪುಟ್ಟ ದೀಪ, ಹಸಿರು, ಹಳದಿ, ಕೆಂಪು, ಕೆಂಪಾದರೆ ಮೈಕು ಸತ್ತಿತು, ಮೊದಲ ಸಲ ಅವಳು ಅಳಲಿಕ್ಕೇ ಎರಡು ನಿಮಿಷ ಕಳೆದಳು, ಆಯೋಗದ ನಡಾವಳಿಯಲ್ಲಿ ಬರೆದರು, ಒಬ್ಬ ನಿವಾಸಿ ಕಳವಳ ವ್ಯಕ್ತಪಡಿಸಿದರು, ಎರಡನೆಯ ಸಲ ಬೈದಳು, ಒಬ್ಬ ನಿವಾಸಿ ಕಳವಳ ವ್ಯಕ್ತಪಡಿಸಿದರು, ಮೂರನೆಯ ಸಲ ಮಗನನ್ನೇ ಕರೆತಂದು ತೋಳು ಮೇಲೆತ್ತು ಕಂದಾ, ಎಷ್ಟು ಏಳುತ್ತೋ ಅಷ್ಟು ತೋರ್ಸು ಅಂದಳು, ಅವನು ಎತ್ತಿದ, ಸೊಂಟದ ತನಕ ಬಂತು, ನಿಂತಿತು, ಕಾನ್‌ಸ್ಟನ್ಸ್ ಎದೆಯ ಮೇಲೆ ಎರಡೂ ಅಂಗೈ ಇಟ್ಟುಕೊಂಡು, ನನಗೆ ಕೇಳಿಸ್ತಿದೆ, ಅರ್ಲೀನ್, ನಿಮ್ಮ ನೋವು ನನಗೆ ಕೇಳಿಸ್ತಿದೆ, ಇದರ ಜೊತೆ ಸ್ವಲ್ಪ ಹೊತ್ತು ಕೂತ್ಕೊಳ್ಳೋಣ, ಅಂದಳು, ಕೂತೆವು, ಕೂತೇ ಇದ್ದೆವು, ಕೂರುವುದರಲ್ಲಿ ಈ ಆಯೋಗವನ್ನು ಮೀರಿಸುವ ಕೋಳಿ ಇನ್ನೂ ಹುಟ್ಟಿಲ್ಲ, ಮೊಟ್ಟೆ ಮಾತ್ರ ಕಾಣೆ.

ಸ್ಟೀಗರ್ ಈಗ ಕಳೆದ ಶನಿವಾರಕ್ಕೆ ಬಂದಿದ್ದಾನೆ, ನದಿಪಾರ್ಕಿನ ಸೌಹಾರ್ದ ಊಟ, ಒಂದೇ ಮಧ್ಯಾಹ್ನ ಮುನ್ನೂರ ತೊಂಬತ್ತು ಸಂಪರ್ಕ, ಅದು ನಮ್ಮ ದಾಖಲೆ ಪಾಲುದಾರರೇ, ಪರದೆಯಲ್ಲಿ ಫೋಟೋಗಳು ಜಾರುತ್ತವೆ, ಪೊಲೀಸರು ಏಪ್ರನ್ ಕಟ್ಟಿಕೊಂಡು ಹಾಟ್‌ಡಾಗ್ ಸುಡುವುದು, ಏಪ್ರನ್ನಿನ ಮೇಲೆ ನಾವೂ ನಿಮ್ಮವರೇ ಎಂದು ಬರೆದಿರುವುದು, ಅರ್ಲೀನಳ ಮಗನ ತೋಳು ತಿರುಚಿದ ಕೈಗಳಲ್ಲಿ ಒಂದು ಜೋಡಿ ಅಲ್ಲೇ ಇಕ್ಕಳ ಹಿಡಿದು ಸಾಸಿವೆ ಬೇಕಾ ಕೆಚಪ್ ಬೇಕಾ ಎಂದು ಕೇಳುತ್ತಿತ್ತು, ಮೂಗಿಗೆ ತುಪ್ಪ ಸವರುವುದು ಕೇಳಿದ್ದೇವೆ, ಇವರು ಸಾಸಿವೆ ಸವರುತ್ತಾರೆ — ಶನಿವಾರ, ಶನಿವಾರ, ಬಿಸಿಲು ಚೆನ್ನಾಗಿತ್ತು, ಇವನು ದೂರದಲ್ಲೇ ನಿಂತಿದ್ದ, ನಿಲ್ಲಬೇಕಿತ್ತು, ಅದು ಆಯೋಗದ ಏಳು ಮಂದಿಯ ಮೈಗೆ ಹತ್ತಿದ ಅಭ್ಯಾಸ, ಮುಕ್ತ ಸಭೆಯ ಕಾಯ್ದೆ, ನಾಲ್ಕು ಸದಸ್ಯರು ಎಲ್ಲಿ ಒಟ್ಟಿಗೆ ನಿಂತು ಆಯೋಗದ ಮಾತಾಡಿದರೂ ಅದು ಕೋರಂ, ಅದು ಸಭೆ, ಎರಡು ದಿನ ಮೊದಲೇ ಪುರಭವನದ ಬಾಗಿಲಿಗೆ ನೋಟಿಸು ಅಂಟಿಸಿರಬೇಕು, ಇಲ್ಲವಾದರೆ ಕಳ್ಳಸಭೆ, ಅದರಿಂದ ಹುಟ್ಟಿದ ತೀರ್ಮಾನವೂ ಕಳ್ಳತೀರ್ಮಾನ, ಹಾಗಾಗಿ ತರಕಾರಿ ಅಂಗಡಿಯಲ್ಲಿ ಈರುಳ್ಳಿ ರಾಶಿಯ ಹತ್ತಿರ ಮೂವರು ಸೇರಿದ್ದರೆ ನಾಲ್ಕನೆಯವರು ಹಾಲಿನ ಸಾಲಿಗೆ ಓಡುತ್ತಾರೆ, ಹೊರೇಸ್ ಗಿಲ್ಯಾರ್ಡ್, ಶವಸಂಸ್ಕಾರದ ಅಂಗಡಿಯವನು, ಅವನೂ ಸದಸ್ಯ, ಯಾರದ್ದಾದರೂ ಅಂತ್ಯಕ್ರಿಯೆಗೆ ಹೋದರೆ ಸದಸ್ಯರನ್ನು ಬೇರೆ ಬೇರೆ ಸಾಲಿನಲ್ಲಿ ಕೂರಿಸುತ್ತಾನೆ, ಇವನಿಗೂ ಒಮ್ಮೆ ಹೇಳಿದ್ದ, ಬಲ್ಲವರಿಗೆಲ್ಲ ಅಲೊಂಜೊ ಬರೀ ಲಾನ್, ಲಾನ್, ನೀನು ಆ ಕಡೆ ಹೋಗಪ್ಪಾ, ಇಲ್ಲಿ ಮೂರು ಆಗೋಯ್ತು, ಹೆಣದ ಮುಂದೆ ಕೋರಂ ಆದ್ರೆ ಹೆಣಾನೇ ಆಕ್ಷೇಪಣೆ ಎತ್ತುತ್ತೆ. ಅಂದರೆ, ನಿಯಮ ಇವನಿಗೆ ಗೊತ್ತಿತ್ತು. ಉಪ್ಪಿನಕಾಯಿ ಮೇಜಿನ ಹತ್ತಿರ ಮೂವರು ನಿಂತಿದ್ದರು, ಹೊರೇಸ್, ಸನ್ಯಾಸಿನಿ ಸಿಸ್ಟರ್ ಬರ್ನಡೀನ್, ತಮಾಲೆ ಎಂಬ ಜೋಳದ ಕಡುಬು ಮಾರುವ ಚೆಲೊ ಓರ್ತೇಗಾ, ಮೂವರೂ ಸದಸ್ಯರು, ಮೂವರೂ ಅರ್ಲೀನಳ ಪರ, ನಾಲ್ಕನೆಯವನು ಇವನೇ, ಇವನಿಗೆ ಎಣಿಸಲು ಬರುತ್ತಿತ್ತು, ಬಸ್ಸಿನಲ್ಲಿ ಎಷ್ಟು ಜನ ನಿಂತಿದ್ದಾರೆಂದು ಕನ್ನಡಿಯಲ್ಲೇ ಎಣಿಸುತ್ತಿದ್ದವನು, ಆದರೆ ಅರ್ಲೀನ್ ಅಲ್ಲೇ ಮೇಜಿನ ಆಚೆ ಒಬ್ಬಳೇ ತಟ್ಟೆ ಹಿಡಿದು ನಿಂತಿದ್ದಳು, ಇಕ್ಕಳ ಹಿಡಿದವನನ್ನು ನೋಡುತ್ತಾ, ತಟ್ಟೆಯಲ್ಲಿ ಉಪ್ಪಿನಕಾಯಿ ಹಾಕಿದ ಸೌತೆಕಾಯಿಯ ಬಿಲ್ಲೆ ಬಿಟ್ಟು ಬೇರೇನಿಲ್ಲ, ಇವನು ಮೇಜಿನ ಹತ್ತಿರ ಹೋದ, ಅವರ ಕೈಯಿಂದ ಏನೂ ತಿನ್ನಲ್ಲ ಲಾನ್, ಇದು ನಾನೇ ಬಾಟಲಿಯಿಂದ ತಗೊಂಡಿದ್ದು, ಅಂದಳು, ಆ ಮುಖ, ಡಿಸೆಂಬರಿನಿಂದ ಒಂದು ಸಲವೂ ಸಡಿಲಾಗದ ಮುಖ, ಇವನ ಗಂಟಲಿಗೆ ತುರಿಕೆ ಬಂತು, ಇವಳನ್ನು ನಗಿಸಬೇಕು, ಒಂದು ಸಲ, ಅಷ್ಟೇ — ಅಷ್ಟೇಯೋ? ಸುಳ್ಳು ಹೇಳಬೇಡ ಅಲೊಂಜೊ, ತಿಪ್ಪೆ ಸಾರಿಸಬೇಡ, ನಾಲ್ಕು ಜನ ನೋಡುವವರಿದ್ದರು, ಬಸ್ಸು ಹೋದ ಮೇಲೆ ನಿನಗೆ ನಾಲ್ಕು ಜನ ನೋಡುವವರು ಒಟ್ಟಿಗೆ ಸಿಕ್ಕಿದ್ದು ಎಷ್ಟು ಸಲ, ಹೇಳು. ಮೇಜಿನ ಮೇಲಿದ್ದ ಉಪ್ಪಿನಕಾಯಿ ಬಾಟಲಿಯನ್ನೇ ಚಮಚದಿಂದ ಟಣ್ಣೆಂದು ಬಡಿದ, ಕಣ್ಣು ಮುಚ್ಚಿದ, ಜೇನಿನಲ್ಲಿ ಹತ್ತಿ ಅದ್ದಿದ, ಈಗ ಎಲ್ರೂ ನಮ್ಮ ನಮ್ಮ ಉಪ್ಪಿನಕಾಯಿಯೊಳಗೆ ಬಂದು ಕೂತ್ಕೊಳ್ಳೋಣ, ಚೆಲೊ ಕೋಕ್ ಉಗುಳಿದಳು, ಅಯ್ಯೋ ಮಾರಾಯ ಥೇಟ್ ಅವಳೇ, ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದು, ಪಾಪ ಕಣೋ ಪಾಪ, ಅಂದು ಇನ್ನೂ ಜೋರಾಗಿ ನಕ್ಕಳು, ಅಲ್ಲಿಗೆ ನಿಲ್ಲಿಸಬಹುದಿತ್ತು, ಬ್ರೇಕು, ವರ್ನೆಟ್ಟಾ, ಬ್ರೇಕು, ಇಲ್ಲ, ಇಡೀ ಸಭೆಯನ್ನೇ ನಡೆಸಿದ, ನನಗೆ ಕೇಳಿಸ್ತಿದೆ, ಅರ್ಲೀನಳ ವಿಡಿಯೋ ಕಾಪಾಡ್ಬೇಕು ಅನ್ನೋದು ನನ್ನ ಕಿವಿಗೆ ಬೀಳ್ತಿದೆ, ನನ್ನ ಕಿವಿ ಅದರ ಜೊತೆ ಕೂತಿದೆ, ಈಗ ಮತಕ್ಕೆ ಹಾಕ್ತೀನಿ, ಪರವಾಗಿರೋರು ಪ್ರೀತಿಯಿಂದ ಕೈ ಎತ್ತಿ — ಹೊರೇಸ್ ಎತ್ತಿದ, ಸಿಸ್ಟರ್ ಎತ್ತಿದಳು, ಚೆಲೊ ತುದಿಗಾಲಲ್ಲಿ ನಿಂತು ಎತ್ತಿದಳು, ಇವನೂ ಎತ್ತಿದ, ಆಗ ಅವರ ಹಿಂದೆ ಐದನೆಯ ಕೈ ಒಂದು ಎದ್ದಿತು, ಅರ್ಲೀನ್, ನಗುತ್ತಾ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಾ, ಕೈಯಲ್ಲಿ ಬಿಳಿ ಪ್ಲಾಸ್ಟಿಕ್ ಮುಳ್ಳುಚಮಚ, ಅದರ ತುದಿಗೆ ಚುಚ್ಚಿದ ಒಂದು ಬಿಲ್ಲೆ, ನಂದೂ ಒಂದು ಬರ್ಕೊಳ್ಳಪ್ಪಾ ಲಾನ್, ನಂದೂ ಒಂದು. ಎಂಥ ಮಧ್ಯಾಹ್ನ. ಮನೆಗೆ ಹೋಗಿ ವರ್ನೆಟ್ಟಾಗೆ ಹೇಳಿದ್ದ, ಇವತ್ತು ಅವಳು ನಕ್ಕಳು ಗೊತ್ತಾ, ನಾನು ನಗಿಸ್ದೆ.

ಲೆಫ್ಟಿನೆಂಟ್ ಕೂತ, ಕೆಲವರು ಚಪ್ಪಾಳೆ ತಟ್ಟಿದರು, ಅದೂ ಸಂಪರ್ಕವಾಗಿ ಲೆಕ್ಕಕ್ಕೆ ಹೋಗಲಿ, ಈಗ ಬಂದಿರುವ ಪತ್ರಗಳು, ಎನ್ನುತ್ತಾಳೆ ಕಾನ್‌ಸ್ಟನ್ಸ್, ದನಿಯಲ್ಲಿ ಜೇನು ಇವತ್ತು ಸ್ವಲ್ಪ ತೆಳು, ಇವನತ್ತ ನೋಡುವುದಿಲ್ಲ, ನೋಡಲಿ, ಬೈಯಲಿ, ಬೈದರೆ ತಿರುಗಿ ಬೈಯಬಹುದು, ಆದರೆ ಆಕೆ ಬೈಯುವವಳಲ್ಲ, ಬೆಳಿಗ್ಗೆ ಫೋನು ಮಾಡಿ, ಅಲೊಂಜೊ, ನನ್ನ ದನಿ ನಿಮ್ಮ ಬಾಯಲ್ಲಿ ಹೇಗಿರುತ್ತೆ ಅಂತ ನನಗೆ ಮೊದ್ಲಿಂದಾನೂ ಗೊತ್ತಿತ್ತು, ನಗಲಿ ಬಿಡಿ ಅಂತ ಸುಮ್ನಿದ್ದೆ, ಅಷ್ಟೇ ಅಂದಿದ್ದಳು, ಇಳಿಜಾರೂ ಇಲ್ಲ ಮೆತ್ತಗೂ ಇಲ್ಲ, ಅದನ್ನು ಅಣಕಿಸಲು ಬರುವುದಿಲ್ಲ, ಅವಳು ಇಟ್ಟ ಮೇಲೆ ಇವನು ಅರ್ಲೀನಳ ನಂಬರು ಒತ್ತಿದ, ಎರಡು ಸಲ ಗಂಟೆ ಬಡಿಯಿತು, ಮಕ್ಕಳಿಗೆ ಊಟ ಬಡಿಸುವ ಹೊತ್ತು, ಈಗ ಬೇಡ ಎಂದು ಕತ್ತರಿಸಿದ, ಬಡಿಸುವ ಹೊತ್ತು ಮುಗಿಯಿತು, ಆಗಲೂ ಒತ್ತಲಿಲ್ಲ, ಹೇಡಿ, ಮೂರು ಸಾವಿರ ದನಿಗಳ ಹೇಡಿ. ನಗರದ ವಕೀಲ ಪ್ರೆಸ್ಟನ್ ಓಲ್ಮನ್ ಎದ್ದ, ಎಳೆಯ, ಟೈಯ ಗಂಟು ಗಂಟಲಿಗಿಂತ ದಪ್ಪ, ಕಾಗದ ಓದುತ್ತಾನೆ, ಪೊಲೀಸ್ ಒಕ್ಕೂಟದಿಂದ ಬಂದಿರೋ ದೂರಿನ ಪ್ರಕಾರ, ಕಳೆದ ಶನಿವಾರ ಆಯೋಗದ ನಾಲ್ವರು ಸದಸ್ಯರು ನೋಟಿಸು ಕೊಡದೆ ಸೇರಿ, ವಿಷಯ ಚರ್ಚಿಸಿ, ಮತ ಚಲಾಯಿಸಿದಾರೆ, ಆದ್ದರಿಂದ ಮಂಗಳವಾರದ ಮತ ಮೊದಲೇ ಆಗಿಹೋಗಿದ್ದ ತೀರ್ಮಾನದ ಪುನರಾವರ್ತನೆ ಅಂತ ಪರಿಗಣಿಸಿ ಅಸಿಂಧು, ಚೆಲೊ ಎದ್ದು, ಅದು ತಮಾಷೆ ಕಣಪ್ಪಾ, ಉಪ್ಪಿನಕಾಯಿ ಬಾಟಲಿಗೂ ಮತ ಇತ್ತೇನು ಹಂಗಾದ್ರೆ, ಕಾಯ್ದೆಯಲ್ಲಿ ತಮಾಷೆಗೆ ವಿನಾಯಿತಿ ಇಲ್ಲ ಮೇಡಂ, ಎನ್ನುತ್ತಾನೆ ಓಲ್ಮನ್, ಹೊರೇಸ್ ಮೈಕಿಗೆ ಬಾಗಿ, ಸರಿ, ಈಗ್ಲೇ ಇನ್ನೊಂದ್ಸಲ ಹಾಕೋಣ, ಏಳು ಜನಾನೂ ಇದೀವಿ, ಬಾಗಿಲು ತೆಗ್ದಿದೆ, ಇದಕ್ಕಿಂತ ಮುಕ್ತ ಸಭೆ ಬೇಕಾ, ಮತ್ತೆ ಓಲ್ಮನ್, ಕ್ಷಮಿಸಿ ಸರ್, ಇವತ್ತಿನ ನೋಟಿಸಿನಲ್ಲಿ ಅರ್ಧವಾರ್ಷಿಕ ವರದಿ ಮಾತ್ರ ಇದೆ, ಬೇರೆ ವಿಷಯ ಮತಕ್ಕೆ ಹಾಕಂಗಿಲ್ಲ, ಹೊಸ ನೋಟಿಸಿಗೆ ಎರಡು ದಿನ ಬೇಕು, ಅಂದರೆ ಭಾನುವಾರ, ಅಂದರೆ ನಾಳೆ ಬೆಳಿಗ್ಗೆ ಆರು ಕಳೆದು ಒಂದು ದಿನ. ಇವನು ಸ್ಟೀಗರ್‌ನ ಕಡೆ ತಿರುಗಿದ, ಲೆಫ್ಟಿನೆಂಟ್, ನೀವೇ ಒಂದು ಮಾತು ಹೇಳಿದ್ರೆ ಆಗುತ್ತೆ, ಒಂದು ವಾರ ಅಳಿಸ್ಬೇಡಿ ಅಂತ, ಅಷ್ಟೇ ಸಾಕು, ನಾವೂ ನಿಮ್ಮವರೇ ಅಂತ ಬರ್ಕೊಂಡಿದ್ರಲ್ಲ ಹೊಟ್ಟೆ ಮೇಲೆ, ಹದಿನಾಲ್ಕು ಹಲ್ಲುಗಳೂ ಒಳಗೆ ಹೋದವು, ಮೊದಲ ಸಲ ಅವನ ತುಟಿ ಎಂಥದೆಂದು ಕಂಡಿತು, ಮಿಸ್ಟರ್ ಪೆಟಿಗ್ರೂ, ನಿಯಮ ನಿಮಗೂ ಒಂದೇ ನಮಗೂ ಒಂದೇ. ಸರಿಯಾಗಿ ಹೇಳಿದ, ನಾಯಿಮಗ, ಅದೇ ಹೊಟ್ಟೆ ಉರಿ, ಸರಿಯಾಗಿಯೇ ಹೇಳಿದ. ದೂರಿನ ಜೊತೆ ಒಂದು ತುಣುಕು ಲಗತ್ತಿಸಿದಾರೆ, ದಾಖಲೆಗೋಸ್ಕರ ತೋರಿಸ್ಬೇಕು, ಎನ್ನುತ್ತಾನೆ ಓಲ್ಮನ್, ಹಸಿರು ಕಂಬಗಳು ಮಾಯವಾಗಿ ನದಿಪಾರ್ಕು ಬಂತು, ಯಾರ ಫೋನೋ, ಎಷ್ಟು ಚೊಕ್ಕ, ಎಷ್ಟು ಬೆಳಕು, ಪ್ರತಿ ಮುಖವೂ ಪ್ರತಿ ಮಾತೂ, ಟಣ್, ನಮ್ಮ ನಮ್ಮ ಉಪ್ಪಿನಕಾಯಿಯೊಳಗೆ ಬಂದು ಕೂತ್ಕೊಳ್ಳೋಣ, ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅಷ್ಟು ಚೆನ್ನಾಗಿದೆ ಅಣಕು, ಕಾನ್‌ಸ್ಟನ್ಸ್ ಪರದೆಯನ್ನೇ ನೋಡುತ್ತಾ ಕೂತಿದ್ದಾಳೆ, ಕೋಲು ಮಡಿಲಲ್ಲಿ, ಪರವಾಗಿರೋರು ಪ್ರೀತಿಯಿಂದ ಕೈ ಎತ್ತಿ, ಒಂದು ಎರಡು ಮೂರು ನಾಲ್ಕು, ಓಲ್ಮನ್ ಅಲ್ಲಿಗೆ ನಿಲ್ಲಿಸಿದ, ನಿಲ್ಲಿಸಿದವನು ಆರಿಸಲಿಲ್ಲ, ಚಿತ್ರ ಗೋಡೆಯ ಮೇಲೆ ನಿಂತೇ ಇದೆ, ನಾಲ್ಕು ಕೈ, ಅವುಗಳ ಹಿಂದೆ ಇನ್ನೊಂದು. ಸಾರ್ವಜನಿಕರ ಮಾತು, ಅರ್ಲೀನ್ ಬ್ಯಾಟ್ಸ್, ಮೂರು ನಿಮಿಷ, ಹಸಿರು ದೀಪ ಹತ್ತಿತು, ಬರಬೇಡ, ಅವಳು ಬರುತ್ತಿದ್ದಾಳೆ, ಚೀಟಿ ಕುರ್ಚಿಯ ಮೇಲೇ ಉಳಿದಿದೆ, ಮೈಕಿನ ಮುಂದೆ ನಿಂತು ಆಯೋಗದ ಕಡೆ ನೋಡುವುದಿಲ್ಲ, ಇವನ ಕಡೆ ನೋಡುವುದಿಲ್ಲ, ತಿರುಗಿ ಪರದೆಯನ್ನೇ ನೋಡುತ್ತಾಳೆ, ಬೈಯಿ ಅರ್ಲೀನ್, ಮೂರು ನಿಮಿಷವಿದೆ, ಹೆಸರು ಹಿಡಿದು ಬೈಯಿ, ಈ ಕೋಡಂಗಿ ನನ್ನ ಮಗನ ಕೈ ತಿಂದ ಅನ್ನು, ಬರೆದುಕೊಳ್ಳಲಿ, ಒಬ್ಬ ನಿವಾಸಿ — ವಕೀಲಪ್ಪಾ, ಎನ್ನುತ್ತಾಳೆ ಅವಳು, ದನಿ ಎತ್ತದೆ, ಆ ಹಿಂದಿರೋ ಕೈ ನಂದು, ಹಂಗೇ ನಗ್ತಾ ಎತ್ತಿಬಿಟ್ಟೆ, ನಾನು ಎತ್ತಿದ್ದಕ್ಕೇ ಕೆಟ್ಟೋಯ್ತಾ ಇದು, ನಂದು ಸೇರ್ಕೊಂಡು ಲೆಕ್ಕ ತಪ್ಪೋಯ್ತಾ? ಓಲ್ಮನ್ ಒಳ್ಳೆಯವನು, ಒಳ್ಳೆಯ ಮನೆಯ ಹುಡುಗ, ಮೃದುವಾಗಿ ಹೇಳುತ್ತಾನೆ, ಛೆ ಇಲ್ಲಮ್ಮಾ, ನೀವು ಸದಸ್ಯರಲ್ವಲ್ಲ, ನಿಮ್ಮ ಕೈ ಲೆಕ್ಕಕ್ಕಿಲ್ಲ. ಸದ್ಯ, ಎಂದಳು ಅರ್ಲೀನ್, ಉಸಿರು ಬಿಟ್ಟಳು, ಡೇವಿಯನ್‌ಗೆ ಏನಂತ ಹೇಳ್ಲಿ ಅಂತ ಇದ್ದೆ, ಸದ್ಯ. ಹಸಿರು ದೀಪ ಉರಿಯುತ್ತಲೇ ಇದೆ, ಎರಡು ನಿಮಿಷ ಮಿಕ್ಕಿದೆ, ಅವಳು ಹೋಗುವುದಿಲ್ಲ, ಅಲ್ಲೇ ನಿಂತು ತನ್ನನ್ನೇ ನೋಡುತ್ತಿದ್ದಾಳೆ, ಅಲೊಂಜೊ ಮೈಕಿನ ಗುಂಡಿ ಒತ್ತಿದ, ಬಾಯಿ ತೆರೆದ, ಜಡ್ಜು ಬಂದ, ಪಾದ್ರಿ ಬಂದ, ಜೇನು ಹತ್ತಿ ಬಂತು, ಒಬ್ಬೊಬ್ಬರನ್ನೇ ಇಳಿಸಿದ, ಇಳೀರಿ, ಎಲ್ಲ ಇಳೀರಿ, ಒಳಗೆ ಇನ್ಯಾರೂ ಇಲ್ಲ, ಗೋಡೆಯ ಮೇಲೆ ಅವಳು ನಗುತ್ತಿದ್ದಾಳೆ, ಗೋಡೆಯ ಕೆಳಗೆ ಅವಳು ನಿಂತಿದ್ದಾಳೆ, ಬಲೆ ಕಟ್ಟಿದ ತಲೆ, ಮೇಲೆ ಕೈ, ಐದನೆಯ ಕೈ, ಬಿಳಿ ಮುಳ್ಳುಚಮಚ, ತುದಿಯಲ್ಲಿ ಒಂದು ಹಸಿರು ಬಿಲ್ಲೆ, ಕೈ, ಅಷ್ಟು ಎತ್ತರಕ್ಕೆ, ಕೈ